ಚಿಗರಿಯ ವಂಶಾವಳಿ

ನಮ್ಮ ಬೆಕ್ಕಿನ ಅಪ್ಪನ ಹೆಸರು ನಿಂಗಣ್ಣ, ಅವ್ವನ ಹೆಸರು ಗುರುಬಾಯಿ. ಹೀಗೆಂದು ಅಚ್ಚಾಗಿದೆ, ಇಂಗ್ಲಿಷಿನಲ್ಲಿ, ಹೊಳೆಯುವ ಕಾಗದದ ಮೇಲೆ. ನಿಂಗಣ್ಣ ಎಂದರೆ ನನ್ನ ಅಪ್ಪ. ಗುರುಬಾಯಿ ನನ್ನನ್ನು ಹೆತ್ತವಳು, ತೀರಿಕೊಂಡು ಬಹಳ ವರ್ಷವಾಯಿತು. ಕೇಳಿದವರೆಲ್ಲ ನಗುತ್ತಾರೆ. ನಗಲಿ, ನನಗೇನೂ ಅಡ್ಡಿಯಿಲ್ಲ. ನಕ್ಕು ಮುಗಿದ ಮೇಲೆ ಉಳಿದದ್ದನ್ನೂ ಕೇಳಬೇಕು, ಅಷ್ಟೆ.

ನಾನು ಶಿವಕುಮಾರಿ. ಮುಲುಂಡ್‌ನ ಹಳೆಯ ಸೊಸೈಟಿಯೊಂದರಲ್ಲಿ ತಳಮಹಡಿಯ ಮನೆ ನಮ್ಮದು. ಗಂಡ ಕಾಶಿನಾಥ ಟೈಲ್ಸ್ ಕೂಡಿಸುವ ಕೆಲಸ ಹಿಡಿಯುತ್ತಾನೆ. ನಾನು ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತೇನೆ. ಮನೆಯಲ್ಲಿ ಯಾವಾಗಲೂ ಜೋಳ ಇರುವುದರಿಂದ ಇಲಿಗಳ ಕಾಟವೂ ಇದ್ದದ್ದೇ. ಹಾಗಾಗಿ ನಾನು ಬೆಕ್ಕನ್ನು ಚಂದಕ್ಕೆಂದು ಸಾಕಿದವಳಲ್ಲ. ಮೆಟ್ಟಿಲ ಕೆಳಗೆ ಹುಟ್ಟಿದ ಬೂದವ್ವ ಎಂಬ ಬೆಕ್ಕು ತಾನಾಗಿಯೇ ಒಳಗೆ ಬಂತು, ಜೋಳದ ಚೀಲದ ಮೇಲೆ ಮಲಗಿತು, ಮರಿ ಹಾಕಿತು. ಆ ಮರಿಯೇ ಚಿಗರಿ. ಮೈತುಂಬ ಚುಕ್ಕೆ, ಉದ್ದ ಕಾಲು, ಓಡುವಾಗ ಥೇಟ್ ನಮ್ಮೂರ ಹೊಲದಲ್ಲಿ ಜಿಗಿಯುವ ಚಿಗರಿ, ಎಂದರೆ ಜಿಂಕೆ.

ನಮ್ಮ ಸೊಸೈಟಿಯ ಸೆಕ್ರೆಟರಿ ಸುಹಾಸ. ಕೆಟ್ಟ ಮನುಷ್ಯ ಎನ್ನಲಾರೆ. ನೀರು ಬರದಿದ್ದರೆ ಟ್ಯಾಂಕರ್ ತರಿಸುತ್ತಾನೆ, ಗಣಪತಿಗೆ ಮೋದಕ ಹಂಚುತ್ತಾನೆ. ಆದರೆ ಅವನಿಗೆ ರೂಲ್ ಎಂದರೆ ಪ್ರಾಣ. ಎರಡನೇ ಮಹಡಿಯವರ ಪರ್ಶಿಯನ್ ಬೆಕ್ಕನ್ನು ಎಲ್ಲರೂ ಎತ್ತಿ ಮುದ್ದಾಡುತ್ತಿದ್ದರು. ಬೂದವ್ವನನ್ನು ಕಂಡರೆ ನೀರು ಎರಚುತ್ತಿದ್ದರು. ಒಂದು ಮೀಟಿಂಗಿನಲ್ಲಿ ಸುಹಾಸ ಪಾಸು ಮಾಡಿಸಿಬಿಟ್ಟ: ಜಾತಿಯ ಕಾಗದ ಇರುವ ಬೆಕ್ಕು ಸಾಕಿದ್ದು, ಇರಬಹುದು. ಕಾಗದ ಇಲ್ಲದ್ದು ಬೀದಿಯದು, ಹೊರಗೆ ಹೋಗಬೇಕು. ನಾನು ಥಾಣೆಯ ಗಿರಾಕಿಗೆ ರೊಟ್ಟಿ ಕೊಡಲು ಹೋದ ದಿನ ವಾಚ್‌ಮನ್ ಸುಭಾಷ ಬೂದವ್ವನನ್ನು ಗೋಣಿಚೀಲದಲ್ಲಿ ತುಂಬಿ ಎಲ್ಲೋ ಖಾಡಿಯ, ಎಂದರೆ ಸಮುದ್ರದ ಹಿನ್ನೀರಿನ, ಕಡೆ ಬಿಟ್ಟುಬಂದ. ವಾರಗಟ್ಟಲೆ ಹುಡುಕಿದೆ, ಸಿಗಲಿಲ್ಲ. ಮಳೆ ಬಂದ ದಿನಗಳಲ್ಲಿ ಅಡುಗೆಮನೆಯಲ್ಲಿ ನಿಂತು ಅತ್ತಿದ್ದೇನೆ. ಬೆಕ್ಕಿಗೆ ಅಳುವುದೇನು ಎನ್ನುವವರು ಎನ್ನಲಿ.

ಚಿಗರಿಯ ಸರದಿ ಬಂದಾಗ ಸುಹಾಸನೇ ಬಾಗಿಲಿಗೆ ಬಂದು ಹಿಂದಿ, ಮರಾಠಿ, ಕಲಿತಷ್ಟು ಕನ್ನಡ ಬೆರೆಸಿ ಹೇಳಿದ. "ವಹಿನಿ, ಮೈ ಕ್ಯಾ ಕರೂಂ? ರೂಲ್ ಸಬ್ ಕೋ ಏಕ್. ಈ ತಿಂಗಳ ಕೊನೆಯ ಸಂಡೇ ತನಕ ಟೈಮ್ ಕೊಡ್ತೇನೆ. ಪೆಡಿಗ್ರೀಚಾ, ಆ ಜಾತಿಯ ಕಾಗದ ತೋರಿಸಿ, ಖತಂ."

"ಅದರ ಅವ್ವನ ಚೀಲದಾಗ ತುಂಬಿದಾಗ ಯಾರೂ ನನ್ನ ಕೇಳಲಿಲ್ಲ. ಈ ಸಲ ಕಾಗದ ತರ್ತೀನಿ, ನೋಡ್ತಿರ್ರಿ," ಎಂದೆ. ಎಲ್ಲಿಂದ ತರುತ್ತೇನೆ ಎಂಬುದು ನನಗೂ ಗೊತ್ತಿರಲಿಲ್ಲ.

ದಾರಿ ತೋರಿಸಿದ್ದು ಶಬ್ರೀನ. ಇಳಕಲ್ ಕಡೆಯ ಹಜರತಬಿ ಎಂಬಾಕೆ ವಿಕ್ರೋಳಿಯಲ್ಲಿ ನನ್ನ ಹಳೆಯ ಗಿರಾಕಿ. ಅವಳ ಮಗಳು ಈ ಹುಡುಗಿ. ಅಲ್ಲೇ ಒಂದು ಪ್ರಾಣಿ ದವಾಖಾನೆಯಲ್ಲಿ ಕೆಲಸ ಮಾಡುತ್ತಾಳೆ. ವರ್ಷಕ್ಕೊಮ್ಮೆ ಸಾಂತಾಕ್ರೂಜ್‌ನ ಹೋಟೆಲೊಂದರ ಹಾಲ್‌ನಲ್ಲಿ ಬೆಕ್ಕುಗಳ ಶೋ ನಡೆಸುವ ಒಂದು ಕ್ಲಬ್ಬಿಗೆ ಹೆಸರು ನೋಂದಾಯಿಸಿಕೊಡುವವಳೂ ಅವಳೇ. "ಮೌಶಿ, ಅಲ್ಲಿ ದೇಸಿ ಬಿಲ್ಲಿ ಭೀ ಆತೀ ಹೈ. ಜಡ್ಜ್ ನೋಡಿ ಪಾಸ್ ಮಾಡಿದ್ರೆ ಸರ್ಟಿಫಿಕೇಟ್ ಸಿಗ್ತದ. ಅದು ಸೊಸಾಯಿಟೀಗೆ ಚಲ್ತಾ ಹೈ," ಎಂದಳು. ಸುಹಾಸನನ್ನು ಕೇಳಿದೆ. ಚಲೇಗಾ ಎಂದ. ನನ್ನ ಎದೆ ಹಗುರಾಯಿತು.

ಹೆಸರು ಬರೆಸಬೇಕಾದ ದಿನ ಮದುವೆಮನೆಯೊಂದರ ರೊಟ್ಟಿ ಆರ್ಡರ್ ನನ್ನ ತಲೆಯ ಮೇಲಿತ್ತು. ಚಿಗರಿಗೆ ಚುಚ್ಚುಮದ್ದು ಹಾಕಿಸಿ ಹೆಸರು ಬರೆಸಿ ಬಾ ಎಂದು ಅಪ್ಪನನ್ನು ಶಬ್ರೀನಳ ದವಾಖಾನೆಗೆ ಕಳಿಸಿದೆ. ತಪ್ಪು ನಡೆದದ್ದು ಅಲ್ಲಿ. ಅದನ್ನು ಹೇಳಬೇಕಾದರೆ ಅಪ್ಪ ಯಾರೆಂಬುದನ್ನು ಮೊದಲು ಹೇಳಬೇಕು.

ನಾವು ಹೆಳವರು. ನಮ್ಮ ಕಡೆಯ ಊರುಗಳಲ್ಲಿ ಸುಗ್ಗಿಯ ಹೊತ್ತಿಗೆ ಎತ್ತಿನ ಮೇಲೆ ಕೂತು ಬರುವ ಹೆಳವ, ಬೆಳಗಿನ ಜಾವ ಒಕ್ಕಲಿನವರ ಬಾಗಿಲ ಮುಂದೆ ನಿಂತು ಗಂಟೆ ಬಾರಿಸಿ ಆ ಮನೆತನದ ವಂಶ ಹೇಳುತ್ತಾನೆ. ಮೂಲ ಊರು ಯಾವುದು, ಬೆಡಗು ಎಂದರೆ ಕುಲದ ಪಂಗಡ ಯಾವುದು, ಯಾರ ಮಗ ಯಾರು, ಯಾರು ಬೇರೆಯಾಗಿ ಯಾವ ಊರು ಸೇರಿದರು, ಎಲ್ಲವೂ ಅವನ ಬಾಯಲ್ಲಿ. ಕೇಳಿದ ಮನೆಯವರು ಮೊರದ ತುಂಬ ಕಾಳು ಕೊಟ್ಟು ಕಳಿಸುತ್ತಾರೆ. ಬರಿಗೈಲಿ ಕಳಿಸಿದರೆ ಆ ಮನೆಗೇ ಅವಮಾನ. ಅಪ್ಪ ಕಾಲು ನಡೆಯುವವರೆಗೂ ಹುನಗುಂದದ ಸುತ್ತ ಈ ಕೆಲಸ ಮಾಡಿದ. ಅವ್ವ ತೀರಿದ ಮೇಲೆ ಮುಂಬಯಿಗೆ ನನ್ನ ಬಳಿ ಬಂದ. ಗಂಟೆ ಈಗಲೂ ಅವನ ಟ್ರಂಕಿನಲ್ಲಿದೆ.

ಹೆಳವನ ವಂಶದಲ್ಲಿ ಹೆಣ್ಣುಮಕ್ಕಳ ಹೆಸರು ಬರುವುದಿಲ್ಲ. ಹೆಣ್ಣು ಕೊಟ್ಟ ಮನೆಗೆ ಹೋಗುತ್ತದೆ, ಅಲ್ಲಿಯ ಹೆಳವ ಹೇಳುವಾಗ ಅಲ್ಲಿಯ ಗಂಡಸರನ್ನಷ್ಟೇ ಹೇಳುತ್ತಾನೆ. ನಾನು ಅಪ್ಪನಿಗೆ ಒಬ್ಬಳೇ ಮಗಳು. ಅವನು ಎಂದಾದರೂ ನಮ್ಮ ವಂಶವನ್ನೇ ತನ್ನಷ್ಟಕ್ಕೆ ಗುನುಗಿದರೆ, ನೀಲಕಂಠಪ್ಪನ ಮಗ ಶಾಂತಪ್ಪ, ಶಾಂತಪ್ಪನ ಮಗ ದಾನಪ್ಪ, ದಾನಪ್ಪನ ಮಗ ನಿಂಗಣ್ಣ ಎಂದು ಹೇಳಿ ನಿಲ್ಲಿಸುತ್ತಿದ್ದ. ರೊಟ್ಟಿ ತಟ್ಟುತ್ತ ನಾನು ಕೇಳುತ್ತಿದ್ದೆ. ಅವನಿಗೆ ಅನ್ನ ಹಾಕುವವಳು ನಾನು, ಔಷಧಿ ತರುವವಳು ನಾನು, ವಂಶ ಮಾತ್ರ ಅವನಲ್ಲಿಗೇ ಮುಗಿಯಿತು. ಸಿಟ್ಟು ಬರುತ್ತಿತ್ತು. ಹೇಳುತ್ತಿರಲಿಲ್ಲ.

ಇಂಥ ಮನುಷ್ಯನ ಮುಂದೆ ಶಬ್ರೀನ ಫೋನು ಹಿಡಿದು ಕೂತು ಕೇಳಿದ್ದಾಳೆ. "ಅಜ್ಜಾ, ಬಿಲ್ಲಿಯ ವಂಶ ಗೊತ್ತಿದ್ರೆ ಹೇಳ್ರಿ. ಅಪ್ಪ ಯಾರು, ಅವ್ವ ಯಾರು, ದಾದಾ ದಾದೀ." ಗೊತ್ತಿಲ್ಲದಿದ್ದರೆ ಬಿಟ್ಟುಬಿಡಿ ಎಂದೂ ಹೇಳಿದಳಂತೆ. ಒಬ್ಬ ಹೆಳವನಿಗೆ ವಂಶ ಗೊತ್ತಿಲ್ಲದಿದ್ದರೆ ಬಿಡಿ ಎಂದರೆ ಅವನು ಬಿಟ್ಟಾನೆಯೇ. ಒಕ್ಕಲು ಮನೆಯ ಎತ್ತನ್ನು ಹರಸುವಾಗಲೂ ಮನೆಯ ವಂಶ ಹೇಳಿ, ಇಂಥವರ ಮನೆಯ ಎತ್ತು ಎಂದೇ ಹರಸುವುದು ರೂಢಿ. ಮನೆಯ ಜಾನುವಾರು ಮನೆಯ ವಂಶದಲ್ಲೇ ಬರುತ್ತದೆ. ಅಪ್ಪ ನೆಟ್ಟಗೆ ಕೂತು, ಕಣ್ಣು ಮುಚ್ಚಿ, ತನ್ನಿಂದ ಶುರುಮಾಡಿ ನೀಲಕಂಠಪ್ಪನವರೆಗೂ ಹೇಳಿದ. ಶಬ್ರೀನ ಫೋನಿನಲ್ಲಿ ಹೆಸರು ಒತ್ತುತ್ತ ಹೋದಳು. ಅವಳಿಗೆ ಅನುಮಾನವೇ ಬರಲಿಲ್ಲವಂತೆ. ದವಾಖಾನೆಗೆ ಬರುವ ಬೆಕ್ಕುಗಳ ಹೆಸರು ಸುಲ್ತಾನ, ಬಿಸ್ಕಿಟ್, ಶ್ರೀಮಾನ್ ಎಂದೆಲ್ಲ ಇರುವಾಗ ದಾನಪ್ಪ ಎಂಬ ಬೆಕ್ಕು ಇದ್ದರೆ ಏನು ವಿಶೇಷ.

ಇದೊಂದೂ ನನಗೆ ಗೊತ್ತಿಲ್ಲದೆ ಶೋ ದಿನ ಬಂತು. ಚಿಗರಿಯನ್ನು ಬುಟ್ಟಿಯಲ್ಲಿ ಕೂಡಿಸಿ, ಮುಲುಂಡಿನಿಂದ ದಾದರ್, ದಾದರಿನಲ್ಲಿ ಗಾಡಿ ಬದಲಿಸಿ ಸಾಂತಾಕ್ರೂಜ್. ಕಾಶಿನಾಥ ಕೆಲಸಕ್ಕೆ ರಜೆ ಹಾಕಿ ಬಂದಿದ್ದ. ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ತಲೆಗೆ ಹಳದಿ ರುಮಾಲು ಸುತ್ತಿದ್ದ.

ಹಾಲ್‌ನಲ್ಲಿ ಎ.ಸಿ. ಎಷ್ಟಿತ್ತೆಂದರೆ ಅಪ್ಪ ರುಮಾಲು ಬಿಚ್ಚಿ ಕಿವಿ ಮುಚ್ಚಿ ಮತ್ತೆ ಸುತ್ತಿಕೊಂಡ. ಸಾಲುಸಾಲು ಪಂಜರ, ಪಂಜರಕ್ಕೆ ಮಖಮಲ್ಲಿನ ಪರದೆ. ಒಂದು ಬೆಕ್ಕಿಗೆ ಮುಖಕ್ಕೆ ಪೌಡರು ಹಚ್ಚುತ್ತಿದ್ದರು, ಇನ್ನೊಂದಕ್ಕೆ ಬಿಸಿಗಾಳಿಯ ಮಿಷನ್ ಹಿಡಿದು ಕೂದಲು ಉಬ್ಬಿಸುತ್ತಿದ್ದರು. ನಾನು ಹಳೆಯ ಇಳಕಲ್ ಸೀರೆಯ ಸೆರಗನ್ನು ಕತ್ತರಿಸಿ ಪರದೆ ಹೊಲಿದು ತಂದಿದ್ದೆ. ಕೆಂಪು ಸೆರಗಿನ ಹಿಂದೆ ಕೂತ ಚಿಗರಿ ಯಾರಿಗೂ ಕಡಿಮೆ ಕಾಣಲಿಲ್ಲ. ಇದು ತಾಯಿಯ ಕಣ್ಣಿನ ಮಾತು ಎಂದರೆ ಎನ್ನಿ.

ಗೋಡೆಗೆ ಚಿತ್ರಗಳನ್ನು ತೂಗುಹಾಕಿದ್ದರು. ಅವುಗಳ ಮುಂದೆ ನಿಂತು ಬಂದವರಿಗೆಲ್ಲ ವಿವರಿಸುತ್ತಿದ್ದವರು ಕ್ಲಬ್ಬಿನ ಅಧ್ಯಕ್ಷೆ ಐರಿನ್ ಮೇಡಂ. ಮಂಗಳೂರಿನವರು, ಹುಟ್ಟಿ ಬೆಳೆದದ್ದು ಸಾಂತಾಕ್ರೂಜ್‌ನಲ್ಲೇ, ಬೆಳ್ಳಿ ಕೂದಲು, ಕುತ್ತಿಗೆಯಲ್ಲಿ ಸಣ್ಣ ಶಿಲುಬೆ. ನಮ್ಮ ಮಾತು ಕೇಳಿ ತಾವಾಗಿಯೇ ಕನ್ನಡದಲ್ಲಿ ಶುರುಮಾಡಿದರು.

"ಇದು ನೋಡಿ, ಲಂಡನ್ನಿನ ಗಾಜಿನ ಅರಮನೆ. ನೂರೈವತ್ತು ವರ್ಷದ ಹಿಂದೆ ಮೊದಲನೇ ಬೆಕ್ಕಿನ ಶೋ ಆದದ್ದು ಇಲ್ಲಿ. ಮಾಡಿದವರು ಒಬ್ಬ ಚಿತ್ರ ಬರೆಯುವವರು. ಆಗ ಜನ ಬೆಕ್ಕು ಕಂಡ್ರೆ ಒದೀತಿದ್ರಂತೆ ಮಾರಾಯ್ರೆ. ಅದನ್ನೂ ಸ್ವಲ್ಪ ಪ್ರೀತಿಯಿಂದ ನೋಡ್ಲಿ ಅಂತ ಅವ್ರು ಶೋ ಇಟ್ರು. ದುಡಿಯುವವರ ಬೆಕ್ಕಿಗೆ ಅಂತ್ಲೇ ಬೇರೆ ಬಹುಮಾನ ಇತ್ತು."

"ಆಮ್ಯಾಲ?" ಎಂದೆ.

"ಆಮೇಲೆ ಕ್ಲಬ್ಬು ಬಂತು, ವಂಶದ ರಿಜಿಸ್ಟರ್ ಬಂತು. ದೊಡ್ಡ ಮನೆಯ ಹೆಂಗಸ್ರೆಲ್ಲ ಸೇರಿದ್ರು. ಅವ್ರಿಗೆ ಬೆಕ್ಕಿಗಿಂತ ಬಹುಮಾನ ಮುಖ್ಯ ಆಯ್ತು ಅಂತ ಆ ಮನುಷ್ಯ ಬೇಜಾರು ಮಾಡಿ ಬಿಟ್ಟು ಹೋದ್ರು." ಪಕ್ಕದ ಚಿತ್ರದಲ್ಲಿ ಚರ್ಚಿನ ಹಾಲ್‌ನಲ್ಲಿ ತರಕಾರಿ ಬುಟ್ಟಿಗಳು, ಬುಟ್ಟಿಗಳೊಳಗೆ ಬೆಕ್ಕುಗಳು. "ಇದು ನಮ್ಮದು. ಕಲೀನಾದಲ್ಲಿ ಮೊದಲನೇ ಶೋ. ಈ ಫ್ರಾಕು ಹಾಕಿದವಳು ನಾನು. ಪಂಜರ ಎಲ್ಲಿತ್ತು ಆಗ? ಬುಟ್ಟಿಯೇ ಗತಿ."

ನನಗೆ ಆ ಹೆಂಗಸು ಇಷ್ಟವಾದಳು. ಆಮೇಲೆ ನಡೆದದ್ದಕ್ಕೆ ಹೆಚ್ಚು ನೋವಾದದ್ದೂ ಅದರಿಂದಲೇ.

ಕೈಗೊಂದು ಕ್ಯಾಟಲಾಗ್ ಕೊಟ್ಟರು. ಶಬ್ರೀನ ಪುಟ ತೆಗೆದು ಹೆಮ್ಮೆಯಿಂದ ತೋರಿಸಿದಳು. ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದೆ. ಚಿಗರಿ, ಹೆಣ್ಣು. ತಂದೆ ನಿಂಗಣ್ಣ. ತಾಯಿ ಗುರುಬಾಯಿ. ಅಜ್ಜ ದಾನಪ್ಪ, ಅಜ್ಜಿ ಚಂದ್ರವ್ವ. ಮುತ್ತಜ್ಜ ಶಾಂತಪ್ಪ. ಮುತ್ತಜ್ಜಿ ಎಂಬಲ್ಲಿ, ಗೊತ್ತಿಲ್ಲ. ಗುರುಬಾಯಿಯ ತವರಿನ ಕಡೆಯ ಚೌಕಗಳೆಲ್ಲ ಖಾಲಿ.

ಮೊದಲು ನಗು ಬಂತು. ಆಮೇಲೆ ಮತ್ತೊಮ್ಮೆ ಮೇಲಿನಿಂದ ಓದಿದೆ, ನನ್ನ ಹೆಸರು ಎಲ್ಲೂ ಇರಲಿಲ್ಲ. ಅಪ್ಪನನ್ನು ಕಂಬದ ಮರೆಗೆ ಕರೆದೊಯ್ದೆ.

"ಯಪ್ಪಾ, ಇದೇನ ಮಾಡಿ?"

"ಏನಾತವ್ವ? ಕೇಳಿದ್ಳು, ಹೇಳಿದೆ. ಮನಿ ಜನಾವರ ಮನಿ ವಂಶದಾಗ ಬರ್ತೈತಿ. ಒಂದ್ ಹೆಸರೂ ತಪ್ಪಿಲ್ಲ ನೋಡು." ಅವನ ಮುಖದಲ್ಲಿ ಹೊಳಪಿತ್ತು. ಊರಿನವರ ವಂಶವನ್ನೆಲ್ಲ ಹೇಳಿದವನಿಗೆ ಜೀವಮಾನದಲ್ಲಿ ಮೊದಲ ಸಲ ಯಾರೋ ಅವನ ವಂಶ ಕೇಳಿ ಬರೆದುಕೊಂಡಿದ್ದರು. "ಆ ಹುಡುಗಿ ಅವ್ವಗೋಳ ಹೆಸರೂ ಕೇಳಿದ್ಳು. ಇವರ ಪೈಕಿ ತಾಯಿ ಹೆಸರಿಲ್ದ ವಂಶ ಆಗೂದಿಲ್ಲಂತ. ನಮ್ಮಜ್ಜನ ಹೇಂತಿ ಹೆಸರು ನನಗ ನೆನಪಾಗ್ಲಿಲ್ಲ. ನೆನಪಾಗೂದೇನು, ಯಾರೂ ಹೇಳೇ ಇಲ್ಲ."

"ಅದಿರ್ಲಿ. ನನ್ನ ಹೆಸರೆಲ್ಲಿ?"

"ನಿನ್ನ ಹೆಸರು ಹೆಂಗ ಬರ್ತೈತವ್ವ? ನೀ ಕೊಟ್ಟ ಮನಿಯಾಕಿ."

"ಬೆಕ್ಕು ಬರ್ತೈತಿ, ನಾ ಬರೂದಿಲ್ಲ."

ಅಪ್ಪ ಸ್ವಲ್ಪ ಯೋಚಿಸಿ ಪ್ರಾಮಾಣಿಕವಾಗಿ ಹೇಳಿದ. "ಬೆಕ್ಕನ್ನ ಎಲ್ಲೂ ಕೊಟ್ಟಿಲ್ಲಲ್ಲವ್ವ."

ಇಂಥ ಮನುಷ್ಯನ ಜೊತೆ ಏನು ಜಗಳ ಮಾಡುವುದು. ಆದರೂ ಹೇಳಿದೆ. ಇಷ್ಟು ವರ್ಷ ಬಾಯಿ ಬಿಡದಿದ್ದದ್ದನ್ನು ಆ ಕಂಬದ ಮರೆಯಲ್ಲಿ ಹೇಳಿದೆ: "ನಿನ್ನ ವಂಶ ನೀ ಸತ್ತ ಮ್ಯಾಲ ಯಾರ ಬಾಯಾಗ ಇರ್ತೈತಿ? ನನ್ನ ಬಾಯಾಗ. ನೀ ಹಾಡೂದು ಕೇಳಿಕೇಳಿ ಪಾಠ ಆದಾಕಿ ನಾನು. ಆ ವಂಶದಾಗ ನನಗ ಒಂದ್ ಬೆಕ್ಕಿನಷ್ಟೂ ಜಾಗ ಇಲ್ಲ." ಅಷ್ಟರಲ್ಲಿ ಚಿಗರಿಯ ನಂಬರು ಕೂಗಿದರು.

ಜಡ್ಜ್ ಬ್ಯಾಂಕಾಕಿನಿಂದ ಬಂದಾತ. ಮೇಜಿನ ಮೇಲೆ ನಿಲ್ಲಿಸಿ ಬಾಲ ನೀವಿದ, ದವಡೆ ನೋಡಿದ, ಎರಡೂ ಕೈಯಲ್ಲಿ ಎತ್ತಿ ಉದ್ದಕ್ಕೆ ಹಿಡಿದ. ಪರ್ಶಿಯನ್‌ಗಳು ಅವನ ಕೈಯಲ್ಲಿ ದಿಂಬಿನಂತೆ ಜೋತುಬಿದ್ದಿದ್ದವು. ಚಿಗರಿ ಅವನ ಕೈಯಲ್ಲಿದ್ದ ಗರಿಯ ಕೋಲನ್ನು ಹಿಡಿದದ್ದೇ ಬಿಡಲೇ ಇಲ್ಲ. ಆತ ಜಗ್ಗಿದ, ಅದೂ ಜಗ್ಗಿತು. ಜನ ಚಪ್ಪಾಳೆ ತಟ್ಟಿದರು. ಕೊನೆಗೆ ಕೋಲನ್ನು ಅದಕ್ಕೇ ಬಿಟ್ಟುಕೊಟ್ಟು, ದೇಸಿ ತಳಿಯ ವರ್ಗದ ಹಸಿರು ರಿಬ್ಬನ್ನನ್ನು ನಮ್ಮ ಪಂಜರಕ್ಕೆ ಸಿಕ್ಕಿಸಿದ. ಕಾಶಿನಾಥ ಫೋಟೋ ತೆಗೆದ. "ಆತು ಬಿಡು, ಬೆಕ್ಕು ಉಳೀತು," ಎಂದ. ನನಗೆ ಕಣ್ಣು ತುಂಬಿತು.

ರಿಬ್ಬನ್ ಪಂಜರದ ಮೇಲೆ ಬಹಳ ಹೊತ್ತು ಇರಲಿಲ್ಲ. ಅದೇ ವರ್ಗದಲ್ಲಿ ಸೋತ ಪುಣೆಯ ಒಬ್ಬಾಕೆ ಕ್ಯಾಟಲಾಗ್ ಹಿಡಿದು ಕ್ಲಬ್ಬಿನ ಕಮಿಟಿಯ ಮೇಜಿಗೆ ಹೋಗಿದ್ದಳು. ಬೆಕ್ಕಿಗೆ ಇಂಥ ಹೆಸರುಗಳಿರುತ್ತವೆಯೇ, ಇದು ಸುಳ್ಳು ವಂಶ, ತನಿಖೆ ಆಗಬೇಕು ಎಂದು ಕೂತಳು. ನಮ್ಮನ್ನು ಕರೆಸಿದರು. ಮೇಜಿನ ಹಿಂದೆ ಕಮಿಟಿಯವರು, ನಡುವೆ ಐರಿನ್ ಮೇಡಂ. ಈಗ ಅವರ ಮುಖ ಬೇರೆಯಾಗಿತ್ತು.

"ಶಿವಕುಮಾರಿಯವ್ರೇ, ಈ ದಾನಪ್ಪ ಯಾರು?"

"ನಮ್ಮ ಅಜ್ಜ."

"ನಿಮ್ಮ ಅಜ್ಜನಾ, ಬೆಕ್ಕಿನ ಅಜ್ಜನಾ?"

"ನನ್ನ ಅಜ್ಜ. ಬೆಕ್ಕಿಗೂ ಅವನೇ ಅಂತ ನಮ್ಮಪ್ಪನ ಲೆಕ್ಕ."

ಹಿಂದೆ ನಿಂತವರಲ್ಲಿ ನಗು ಎದ್ದಿತು. ಯಾರೋ ಫೋನು ಎತ್ತಿ ಅಪ್ಪನ ರುಮಾಲಿನ ಫೋಟೋ ತೆಗೆದರು. ಶಬ್ರೀನ ತನ್ನ ಕೈಯಿಂದಾದ ತಪ್ಪು ಎಂದು ಹೇಳಲು ಬಾಯಿ ತೆರೆದಳು. ನಾನು ಅವಳ ಕೈ ಹಿಡಿದು ಸುಮ್ಮನಿರಿಸಿದೆ. ಅವಳ ಕೆಲಸಕ್ಕೆ ಕುತ್ತು ಬರುವುದು ನನಗೆ ಬೇಕಿರಲಿಲ್ಲ.

ಐರಿನ್ ಮೇಡಂ ಒಂದು ಕಾಗದ ಮುಂದಿಟ್ಟರು. "ನೋಡಿ, ನೀವು ಬೇಕೂಂತ ಮಾಡ್ಲಿಲ್ಲ, ಗೊತ್ತುಂಟು ನಂಗೆ. ಇಲ್ಲಿ ಒಂದು ಸಹಿ ಹಾಕಿ ಸಾಕು. ಇದನ್ನು ಮನೆಬೆಕ್ಕಿನ ವರ್ಗಕ್ಕೆ ಹಾಕ್ತೇನೆ. ಅಲ್ಲಿ ವಂಶ ಕೇಳುದಿಲ್ಲ. ಸರ್ಟಿಫಿಕೇಟ್ ಇವತ್ತೇ ತಗೊಂಡು ಹೋಗಿ."

ನನಗೆ ಬೇಕಾದ ಕಾಗದ ಅದೇ. ರಿಬ್ಬನ್ ಕಟ್ಟಿಕೊಂಡು ನಾನೇನು ಮಾಡಲಿ. ಪೆನ್ನು ಕೈಗೆ ತೆಗೆದುಕೊಂಡೆ. ಸುಳ್ಳು ಹೇಳುವುದಿಲ್ಲ, ಆ ಹೊತ್ತಿಗೆ ಚಿಗರಿಗಾಗಿ ಏನು ಬರೆದಿದ್ದರೂ ಸಹಿ ಹಾಕುತ್ತಿದ್ದೆ. "ಏನ್ ಬರ್ದಾರ ಓದು," ಎಂದು ಶಬ್ರೀನಳಿಗೆ ಹೇಳಿದ್ದು ಬರೀ ರೂಢಿಗೆ.

ಅವಳು ತಡವರಿಸುತ್ತ ಓದಿದಳು. "ನಾನು ಕೊಟ್ಟ ಈ ವಂಶಾವಳಿ... ಝೂಟಾ ಹೈ... ಸುಳ್ಳು. ಇದರಲ್ಲಿ ಇರೋ ಹೆಸರು ಸಬ್ ಬನಾವಟೀ. ಕ್ಷಮಿಸಬೇಕು."

ಅಪ್ಪ ಬುಟ್ಟಿ ಹಿಡಿದು ನನ್ನ ಹಿಂದೆ ನಿಂತಿದ್ದ. ಹೆಳವನ ಮಾತಿನ ಮೇಲೆ ಊರಿನಲ್ಲಿ ಆಸ್ತಿ ಪಾಲಾಗುತ್ತಿತ್ತು, ಹೆಣ್ಣು ಗಂಡು ಕೂಡುತ್ತಿತ್ತು. ನೀನು ಹೇಳಿದ ವಂಶ ಸುಳ್ಳು ಎಂದು ಅವನಿಗೆ ಯಾರೂ, ಎಂದೂ ಅಂದವರಿಲ್ಲ. ತಿರುಗಿ ನೋಡಿದೆ. ಅವನ ತುಟಿ ಒಣಗಿತ್ತು. ಆದರೂ ಮೆಲ್ಲಗೆ ಹೇಳಿದ. "ಸಹಿ ಮಾಡವ್ವ. ಹೆಸರು ಸತ್ತವರದ್ದು. ಬೆಕ್ಕು ಜೀವಂತ ಐತಿ."

"ಹೂಂ, ಮಾಡು ಶಿವಾ," ಎಂದ ಕಾಶಿನಾಥ. "ಒಂದ್ ಗೀಟು ಎಳದು ಮನೀಗೆ ಹೋಗೂಣು."

ಆಗ ನನ್ನ ಮೈಯೆಲ್ಲ ಉರಿಯಿತು. ಯಾರ ಮೇಲೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ನನಗೆ ಜಾಗವನ್ನೇ ಕೊಡದ ವಂಶ ಅದು. ಅದನ್ನು ಕಾಪಾಡುವ ಹಂಗು ನನಗೇಕೆ ಎಂದು ಒಂದು ಮನಸ್ಸು ಹೇಳಿತು. ಆದರೆ ಚಂದ್ರವ್ವ ನನ್ನನ್ನು ಎತ್ತಿ ಆಡಿಸಿದ್ದಳು. ಗುರುಬಾಯಿಯ ಹಾಲು ಕುಡಿದು ಬೆಳೆದವಳು ನಾನು. ಅವರಿಬ್ಬರ ಹೆಸರು ಜನ್ಮದಲ್ಲಿ ಒಂದೇ ಒಂದು ಸಲ ಕಾಗದದ ಮೇಲೆ ಬಂದಿದೆ, ಅದನ್ನು ನಾನೇ ನನ್ನ ಕೈಯಾರೆ ಬನಾವಟಿ ಎಂದು ಬರೆದುಕೊಡಬೇಕೆ. ಪೆನ್ನನ್ನು ಮೇಜಿನ ಮೇಲಿಟ್ಟೆ.

"ಮೇಡಂ, ಇದು ಸುಳ್ಳಲ್ಲ. ತಪ್ಪೈತಿ. ಸುಳ್ಳು ಬ್ಯಾರೆ, ತಪ್ಪು ಬ್ಯಾರೆ. ನಡುವ ಒಂದು ಹೆಸರು ಬಿಟ್ಟೈತಿ. ಅದನ್ನ ಹಾಕ್ರಿ, ಸಹಿ ಮಾಡ್ತೀನಿ."

"ಯಾರ ಹೆಸರು?"

"ನಂದು. ನಿಂಗಣ್ಣನ ಮಗಳು ಶಿವಕುಮಾರಿ. ಶಿವಕುಮಾರಿ ಸಾಕಿದ್ದು ಚಿಗರಿ. ಹಿಂಗ ಬರೀರಿ."

"ಹಾಗೆಲ್ಲ ಬರ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಮನುಷ್ಯರ ವಂಶ ಬೆಕ್ಕಿಗೆ ಹೇಗೆ ಹಾಕುದು?"

"ಹಂಗಾರ ಚರ್ಚಿನ ಹಾಲ್‌ನಾಗ ಬುಟ್ಟಿಯೊಳಗ ಕುಂತ ಬೆಕ್ಕುಗಳದು ಯಾವ ವಂಶ ಇತ್ರಿ? ಗೋಡೆ ಮ್ಯಾಲ ಹಾಕೀರಿ, ಎಲ್ಲಾರಿಗೂ ತೋರಸ್ತೀರಿ. ಲಂಡನ್‌ದಾಗ ಆ ಮನುಷ್ಯ ದುಡಿಯೋರ ಬೆಕ್ಕು ಕರದಾಗ ಕಾಗದ ಕೇಳಿದ್ನ? ಬೆಕ್ಕಿಗೆ ಒದಿಬ್ಯಾಡ್ರಿ ಅಂತ ಶುರುವಾದ ಕೆಲಸ ಇದು ಅಂತ ನೀವೇ ಹೇಳಿದ್ರಿ. ನಮ್ಮ ಬಿಲ್ಡಿಂಗಿನಾಗ ಈಗ ನಿಮ್ಮ ಕಾಗದ ನೋಡಿ ಯಾವ ಬೆಕ್ಕಿಗೆ ಒದಿಬೇಕು ಅಂತ ತೀರ್ಮಾನ ಮಾಡ್ತಾರ. ಇದರ ಅವ್ವನ ಚೀಲದಾಗ ತುಂಬಿ ಒಯ್ದು ಒಗದ್ರು, ಗೊತ್ತೈತೇನ್ರಿ ನಿಮಗ?"

ಐರಿನ್ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಪಕ್ಕದವರು ಇಂಗ್ಲಿಷಿನಲ್ಲಿ ಏನೋ ಅಂದರು, ಅವರು ಇಂಗ್ಲಿಷಿನಲ್ಲೇ ಏನೋ ಉತ್ತರ ಕೊಟ್ಟರು, ಗಟ್ಟಿಯಾಗಿ. ಆದರೆ ಕಮಿಟಿ ಕಮಿಟಿಯೇ.

"ಸಹಿ ಇಲ್ಲದೆ ನಾನು ಸರ್ಟಿಫಿಕೇಟ್ ಕೊಡ್ಲಿಕ್ಕೆ ಆಗುದಿಲ್ಲ," ಎಂದರು ಕೊನೆಗೆ. "ರಿಬ್ಬನ್ ಸಹ ವಾಪಸ್ ತಕೊಳ್ಬೇಕು."

"ತಗೋರಿ. ಆದ್ರ ಆ ಗರಿ ಕೋಲು ಅದಕ್ಕ ಜಡ್ಜ್ ಕೊಟ್ಟಾನ. ಅದನ್ನ ಕೊಡೂದಿಲ್ಲ."

ನಾವು ಹೊರಡುವಾಗ ಐರಿನ್ ಮೇಡಂ ಬಾಗಿಲವರೆಗೂ ಬಂದರು. ಒಂದು ಕ್ಯಾಟಲಾಗ್ ನನ್ನ ಕೈಗಿತ್ತರು. "ಅಚ್ಚಾದ್ದನ್ನು ನಾನು ಅಳಿಸ್ಲಿಕ್ಕೆ ಆಗುದಿಲ್ಲ," ಎಂದಷ್ಟೇ ಹೇಳಿ ಒಳಗೆ ಹೋದರು.

ಗಾಡಿಯಲ್ಲಿ ಕಾಶಿನಾಥನಿಗೆ ಸಿಟ್ಟು, ಒಂದು ಗೀಟಿಗಾಗಿ ಬೆಕ್ಕನ್ನು ಕಳೆದುಕೊಳ್ಳುತ್ತೇನೆಂದು. ಅವನ ಸಿಟ್ಟಿನಲ್ಲಿ ನ್ಯಾಯ ಇಲ್ಲದಿಲ್ಲ. ಬುಟ್ಟಿಯ ಸಂದಿಯಿಂದ ಚಿಗರಿ ನನ್ನ ಬೆರಳು ನೆಕ್ಕಿದಾಗ ನಾನು ಮಾಡಿದ್ದು ತಪ್ಪೇನೋ ಎನ್ನಿಸಿತು. ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ತುಟಿ ಅಲ್ಲಾಡುತ್ತಿತ್ತು. ಯಾವುದೋ ಒಕ್ಕಲಿನ ವಂಶ ನೆನೆಯುತ್ತಿದ್ದಾನೆ ಎಂದುಕೊಂಡೆ.

ತಿಂಗಳ ಕೊನೆಯ ಭಾನುವಾರ ಬಂತು. ನಾನು ಹಿಂದಿನ ದಿನವೇ ಕ್ಯಾಟಲಾಗಿನ ಹಾಳೆ ಹರಿದು ನಮ್ಮ ಬಾಗಿಲಿಗೆ ಅಂಟಿಸಿದ್ದೆ, ಕಾಶಿನಾಥನ ಹೆಸರಿನ ಫಲಕದ ಕೆಳಗೆ. ಬೆಳಿಗ್ಗೆ ಸುಹಾಸ ಬಂದ, ಬೆನ್ನ ಹಿಂದೆ ಸುಭಾಷ, ಸುಭಾಷನ ಕೈಯಲ್ಲಿ ಅದೇ ಗೋಣಿಚೀಲ. ಸುಹಾಸ ಹಾಳೆ ಓದಿದ. ಎರಡು ಸಲ ಓದಿದ.

"ವಹಿನಿ, ಇದು ನಿಮ್ಮ ಬಾಬಾ ಅವರ ಹೆಸರು. ಹೇ ಕಾಯ್ ಆಹೇ? ಯೇ ಪೆಡಿಗ್ರೀ ನಹೀಂ ಹೈ."

"ನಮ್ಮನ್ಯಾಗ ಇರೂದು ಇದೇ ಕಾಗದ. ಇದು ನಿಮಗ ನಡಿಯೂದಿಲ್ಲಂದ್ರ ಬಿಡ್ರಿ. ಆದ್ರ ಚೀಲಕ್ಕ ಬೆಕ್ಕು ಹಾಕೂಕಿಂತ ಮೊದಲು ನನ್ನ ಹಾಕಬೇಕಾಗ್ತೈತಿ. ನಾ ಹಗುರಿಲ್ಲ, ಇಬ್ಬರಿಂದ ಆಗೂದಿಲ್ಲ."

ನಾನು ಬಾಗಿಲ ಚೌಕಟ್ಟಿನಲ್ಲಿ ನಿಂತೆ. ನನ್ನ ಹಿಂದೆ ಚಿಗರಿ ಜೋಳದ ಚೀಲದ ಮೇಲೆ ಕೂತು ಗರಿಯ ಕೋಲು ಕಚ್ಚುತ್ತಿತ್ತು. ಸುಭಾಷ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಸುಹಾಸ ಫೋನು ತೆಗೆದು ಯಾರನ್ನೋ ಕರೆಯತೊಡಗಿದ. ಕಾಶಿನಾಥ ಒಳಗಿನಿಂದ ಬಂದು ನನ್ನ ಪಕ್ಕದಲ್ಲಿ ನಿಂತ.

ಆಗ ಗಂಟೆಯ ಸದ್ದು ಕೇಳಿತು.

ಅಪ್ಪ ಯಾವಾಗ ಎದ್ದು ಹಿತ್ತಿಲ ಬಾಗಿಲಿನಿಂದ ಸುತ್ತುಹಾಕಿ ಬಂದನೋ. ಅಂಗಳದಲ್ಲಿ, ಪಾರ್ಕ್ ಮಾಡಿದ ಸ್ಕೂಟರುಗಳ ನಡುವೆ, ಹಳದಿ ರುಮಾಲು ಸುತ್ತಿ ನಿಂತಿದ್ದ. ಮನೆಯೊಳಗಿನವನಾಗಿ ಅಲ್ಲ, ಒಕ್ಕಲಿನ ಮನೆಗೆ ಬಂದ ಹೆಳವ ನಿಲ್ಲುವಂತೆ, ಹೊಸ್ತಿಲಿಗೆ ಎದುರಾಗಿ. ಗಂಟೆ ಬಾರಿಸಿ ದನಿ ಎತ್ತಿದ. ಅಷ್ಟು ದೊಡ್ಡ ದನಿ ಅವನಲ್ಲಿ ಇನ್ನೂ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ. ಮೂಲ ಊರು ಹೇಳಿದ, ಬೆಡಗು ಹೇಳಿದ. ಮೇಲಿನ ಕಿಟಕಿಗಳು ಒಂದೊಂದಾಗಿ ತೆರೆದವು. ಪರ್ಶಿಯನ್ ಬೆಕ್ಕಿನವರು ಅದನ್ನು ಎತ್ತಿಕೊಂಡೇ ಬಾಲ್ಕನಿಗೆ ಬಂದರು. ಸುಹಾಸ ಫೋನನ್ನು ಕಿವಿಯಿಂದ ತೆಗೆದ.

"ನೀಲಕಂಠಪ್ಪನ ಮಗ ಶಾಂತಪ್ಪ. ಶಾಂತಪ್ಪನ ಹೇಂತಿ, ಹೆಸರು ನಾವು ಮರತಾಕಿ, ಆಕಿಗೆ ಶರಣು. ಅವರ ಮಗ ದಾನಪ್ಪ, ದಾನಪ್ಪನ ಕೈ ಹಿಡದಾಕಿ ಚಂದ್ರವ್ವ. ಅವರ ಮಗ ನಿಂಗಣ್ಣ, ನಿಂಗಣ್ಣನ ಕೈ ಹಿಡದಾಕಿ ಗುರುಬಾಯಿ."

ಅಲ್ಲಿ ನಿಂತ. ಅವನು ಯಾವಾಗಲೂ ನಿಲ್ಲುವ ಜಾಗ ಅದು. ಗಂಟೆ ಅವನ ಕೈಯಲ್ಲಿ ಸುಮ್ಮನೆ ತೂಗುತ್ತಿತ್ತು. ಅಪ್ಪ ನನ್ನ ಮುಖ ನೋಡಿ ಮತ್ತೆ ಗಂಟೆ ಬಾರಿಸಿದ.

"ನಿಂಗಣ್ಣ ಗುರುಬಾಯಿ ಮಗಳು ಶಿವಕುಮಾರಿ. ಈ ಮನಿ ಆಕೀದು. ಈ ಮನಿ ಬೆಕ್ಕು ಚಿಗರಿ, ಚಿಗರಿ ತಾಯಿ ಬೂದವ್ವ, ಚೀಲದಾಗ ಹೋದಾಕಿ. ಇದರಾಗ ಒಂದು ಹೆಸರೂ ಸುಳ್ಳಿಲ್ಲ. ಸುಳ್ಳನ್ನಾವ್ರು ಮುಂದ ಬರ್ರಿ."

ಯಾರೂ ಮುಂದೆ ಬರಲಿಲ್ಲ. ಅವನ ಮಾತು ಅಲ್ಲಿ ಎಷ್ಟು ಜನಕ್ಕೆ ಅರ್ಥವಾಯಿತೋ ಗೊತ್ತಿಲ್ಲ. ನನಗೆ ಅಳು ಬಂತು, ಅಳುತ್ತಲೇ ಒಳಗೆ ಹೋದೆ. ಚಿಗರಿಯನ್ನು ಬದಿಗೆ ಸರಿಸಿ, ಮೊರದ ತುಂಬ ಬಿಳಿಜೋಳ ತುಂಬಿಕೊಂಡು ಹೊರಗೆ ಬಂದೆ. ವಂಶ ಹೇಳಿದ ಹೆಳವನನ್ನು ಬರಿಗೈಲಿ ಕಳಿಸುವ ಮನೆ ನನ್ನದಲ್ಲ. ಅಪ್ಪ ಹಿಡಿದುಕೊಳ್ಳಲು ಏನನ್ನೂ ತಂದಿರಲಿಲ್ಲ. ಧೋತರದ ಚುಂಗು ಒಡ್ಡಿದ, ಅದು ಸಾಲುವಂತಿರಲಿಲ್ಲ.

ನಾನು ಸುಭಾಷನ ಕೈಯಿಂದ ಗೋಣಿಚೀಲ ಕಿತ್ತುಕೊಂಡೆ. ಅವನು ಬಿಟ್ಟುಕೊಟ್ಟ. "ಚೀಲದ ಬಾಯಿ ಹಿಡೀರಿ," ಎಂದು ಅದರ ಒಂದು ತುದಿಯನ್ನು ಸುಹಾಸನ ಕೈಗೆ ಕೊಟ್ಟೆ. ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ಅವನು ಹಿಡಿದುಕೊಂಡಿದ್ದ. ಮೊರದ ಜೋಳವನ್ನೆಲ್ಲ ಆ ಚೀಲಕ್ಕೆ ಸುರಿದೆ.